ಮಣ್ಣಿನ ಎತ್ತು ಮತ್ತು ಮೂವತ್ತು ಗಿಳಿಗಳು

ಬಹಳ ಬಹಳ ಹಿಂದೆ ಕಣಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಮಠದ ಶಾಲೆಯಲ್ಲಿ ಪರ್ವತಯ್ಯ ಎಂಬ ಐಗಳು ಮಕ್ಕಳಿಗೆ ಮಗ್ಗಿ ಕಲಿಸುತ್ತಿದ್ದರು. ಅಯ್ಯ ಹೇಳುತ್ತಿದ್ದರು, ಮಕ್ಕಳು ತೂಕಡಿಸುತ್ತ ಒಪ್ಪಿಸುತ್ತಿದ್ದರು.

ಒಂದು ದಿನ ಧೂಮಾಕ್ಷನೆಂಬ ಮಾಂತ್ರಿಕ ಬಂದ. "ಗಿಳಿಪಾಠ ಒಪ್ಪಿಸುವವರಿಗೆ ಮನುಷ್ಯರ ಮೈ ಯಾಕೆ?" ಎಂದು ಬೂದಿ ಎರಚಿದ. ಒಳಗಿದ್ದ ಮೂವತ್ತು ಮಕ್ಕಳೂ ಗಿಳಿಗಳಾಗಿ ತೊಲೆಯ ಮೇಲೆ ಹಾರಿ ಕುಳಿತರು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನೀಲವ್ವ ಒಬ್ಬಳೇ ಉಳಿದಳು.

ಅಯ್ಯನವರು ಮಾಂತ್ರಿಕನ ಕಾಲಿಗೆ ಬಿದ್ದರು. ಅವನು ನಕ್ಕು ನೆಲಕ್ಕೆ ಕೋಲು ಬಡಿದ. ನೆಲವೆಲ್ಲ ಚೌಕಚೌಕವಾಯಿತು. ಒಂದು ಮೂಲೆಯಲ್ಲಿ ಮಣ್ಣಿನ ಎತ್ತು, ದೂರದ ಚೌಕದಲ್ಲಿ ದೀಪ, ನಡುನಡುವೆ ಕರಿಗುಂಡಿಗಳು.

"ಎತ್ತನ್ನು ದೀಪಕ್ಕೆ ಮುಟ್ಟಿಸು, ಮಕ್ಕಳು ಮರಳುತ್ತಾರೆ. ಅದಕ್ಕೆ ಕಣ್ಣಿಲ್ಲ, ಬುದ್ಧಿಯಿಲ್ಲ. ಒಂದು ಅಂಕಿ ಹೇಳಿದರೆ ಒಂದು ಹೆಜ್ಜೆ. ತಿರುಗು ಎಂದರೆ ತಿರುಗುತ್ತದೆ. ಮೂರು ಸಲ ನೋಡು. ಮೂರೂ ತಪ್ಪಿದರೆ ನೀನೂ ಒಂದು ಗಿಳಿ!"

ಅಯ್ಯನವರು ವಿಭೂತಿ ಧರಿಸಿ, ಶಿವನನ್ನು ನೆನೆದು, "ದೀಪದ ಹತ್ತಿರ ನಡಿಯಪ್ಪಾ ಬಸವಾ" ಎಂದರು. ಎತ್ತು ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಒಂದು ಹೋಯಿತು!" ಎಂದ ಮಾಂತ್ರಿಕ.

ಅಯ್ಯನವರು ಎಷ್ಟೋ ಹೊತ್ತು ಚೌಕಗಳನ್ನು ದಿಟ್ಟಿಸಿದರು. ನೇರ ಮೂರು ಮನೆ, ಬಲಕ್ಕೆ ಎರಡು ಮನೆ. ಇಷ್ಟೇ ತಾನೆ? ಬಾಯಿ ತೆರೆದು, "ಲಾಭ, ಎರಡು, ಮೂರು. ಬಲಕ್ಕೆ ತಿರುಗು. ಲಾಭ, ಎರಡು" ಎಂದರು. ಎತ್ತು ನಡೆಯಿತು, ತಿರುಗಿತು, ದಬಾರನೆ ಗುಂಡಿಗೆ ಬಿತ್ತು. ಮರುಗಳಿಗೆ ಮತ್ತೆ ಮೂಲೆಯಲ್ಲಿ ನಿಂತಿತ್ತು.

"ಎರಡು ಹೋಯಿತು!"

"ಲೆಕ್ಕ ಸರಿಯಾಗಿದೆ, ನೀಲವ್ವಾ! ಎತ್ತೇ ಸರಿಯಿಲ್ಲ. ಇಲ್ಲಾ ನನ್ನ ತಲೆಯೇ ಕೆಟ್ಟಿದೆಯೋ?" ಎನ್ನುತ್ತ ಅಯ್ಯನವರು ಅಂಗಳಕ್ಕೆ ಓಡಿಬಂದರು.

"ಬೈಕೋಬೇಡಿ ಅಯ್ಯಾ. ನಾನೇ ಎತ್ತಾಗ್ತೀನಿ, ನೀವು ಹೇಳಿ" ಎಂದು ನೀಲವ್ವ ಅಂಗಳದ ಧೂಳಿನಲ್ಲಿ ಮನೆ ಗೀಚಿ, ಕಣ್ಣು ಮುಚ್ಚಿ ನಿಂತಳು.

"ಲಾಭ" ಎಂದರು ಅಯ್ಯ. ಅವಳು ಕದಲಲಿಲ್ಲ.

"ಕಾಲೆತ್ತೇ!"

"ನೀವು ಅಂಕಿ ಹೇಳಲೇ ಇಲ್ಲವಲ್ಲ?"

"ಲಾಭ ಅಂದೆನಲ್ಲ! ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅಂತ ಯಾರಾದರೂ ಅಂತಾರೇನೇ? ಲಾಭ ಅಂತಲೇ ಅಲ್ಲವೇ ಶುರು?"

"ಅದು ನಮಗೆ ಗೊತ್ತು. ಮಣ್ಣಿನ ಎತ್ತು ಯಾವ ಕಣದಲ್ಲಿ ರಾಶಿ ಅಳೆದಿತ್ತು? ಅದು ಎರಡು ಅಂದಾಗಲೇ ಕಾಲೆತ್ತಿದ್ದು. ಹೆಜ್ಜೆ ಒಂದು ಕಮ್ಮಿ ಬಿತ್ತು."

ಅಯ್ಯನವರು ಹುಟ್ಟಿದಾಗಿನಿಂದ ಎಣಿಕೆಯ ಶುರುವಿಗೆ ಒಂದು ಎಂದವರಲ್ಲ. "ಶುಭಕ್ಕೆ ಕೇಡಾದೀತು ಕಣವ್ವಾ" ಎಂದು ತೊದಲಿದರು.

"ದೇವರು ಎಷ್ಟು ಅಂತ ಯಾರಾದರೂ ಕೇಳಿದರೆ ನೀವೇನು ಹೇಳ್ತೀರಿ, ಅಯ್ಯಾ?"

ಅಯ್ಯನವರು "ದೇವರು ಒಂದೇ" ಎಂದು ತಲೆದೂಗಿದರು. ಆಮೇಲೆ ಒಳಗೆ ಹೋಗಿ, ಎತ್ತಿನ ಮುಂದೆ ಕೈಮುಗಿದು, ಮೆಲ್ಲನೆ "ಒಂದು" ಎಂದರು. ಎತ್ತು ಕಾಲೆತ್ತಿತು.

"ಎರಡು. ಮೂರು. ಬಲಕ್ಕೆ ತಿರುಗು. ಒಂದು. ಎರಡು."

ಎತ್ತಿನ ಮೂತಿ ದೀಪಕ್ಕೆ ತಾಗಿತು. ಧೂಮಾಕ್ಷ ಕಿರುಚುತ್ತ ಹೊಗೆಯಾಗಿ ಗವಾಕ್ಷಿಯಿಂದ ತೂರಿಹೋದ. ತೊಲೆಯ ಮೇಲಿಂದ ಮೂವತ್ತು ಮಕ್ಕಳು ದೊಪದೊಪನೆ ಉದುರಿದರು.

ಮಾರನೆಯ ಬೆಳಿಗ್ಗೆ ಅಯ್ಯನವರು ನೆಲದ ಚೌಕಗಳ ನಡುವೆ ನಿಂತು ಶಲ್ಯದಿಂದ ಕಣ್ಣು ಕಟ್ಟಿಕೊಂಡರು. "ಇವತ್ತು ನಾನೇ ಎತ್ತು. ಬಾಗಿಲಿಗೆ ಮುಟ್ಟಿಸಿ ನೋಡೋಣ."

ಮಕ್ಕಳು ಕೂಗಿದರು, ಅಯ್ಯನವರು ಕಂಬಕ್ಕೆ ಹಾಯ್ದರು. ಎಲ್ಲಿ ತಪ್ಪಿತೆಂದು ಮಕ್ಕಳಲ್ಲೇ ಜಗಳ ಹತ್ತಿತು. ಸಂಜೆ ತಾಯಂದಿರು ಬಂದು ಕರೆದರೂ ಯಾರೂ ಮನೆಗೆ ಹೊರಡಲೊಲ್ಲರು. ಹೀಗೆ ಕಣಗಿರಿಯ ಜನ ಮಕ್ಕಳುಮರಿಯೊಡನೆ ನೂರ್ಕಾಲ ಸುಖವಾಗಿದ್ದರು. ಅಯ್ಯನವರೂ ಸುಖವಾಗಿದ್ದರು, ಹಣೆಯ ಮೇಲೆ ಒಂದೆರಡು ಬುಗುಟು ಹೊತ್ತುಕೊಂಡು.