ರೇಡಿಯೋ ಕೋಣೆಯ ರಿಜಿಸ್ಟರ್

ಹನ್ನೊಂದನೆಯ ತಾರೀಖು ಮಂಗಳವಾರ ಬೆಳಿಗ್ಗೆ ಏಳು ಐವತ್ತಕ್ಕೆ ವಿಮಾನ ನಿಲ್ದಾಣದ ಮ್ಯಾನೇಜರ್ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಅವಸರದಲ್ಲಿ ಅಂಗಿಯ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡಿದ್ದರು.

"ಕಳ್ಳತನ ಆಗಿದೆ ಸರ್."

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ಹಳೇ ರಿಜಿಸ್ಟರ್."

"ಅಷ್ಟೇನಾ?"

"ಬೇರೆ ಏನು ಹೋಗಿದ್ರೂ ಇಷ್ಟು ಓಡಿ ಬರ್ತಿರ್ಲಿಲ್ಲ."

ಇನ್‌ಸ್ಪೆಕ್ಟರ್ ಈ ಠಾಣೆಗೆ ಬಂದು ಆರು ವರ್ಷವಾಗಿತ್ತು. ನಿಲ್ದಾಣದಿಂದ ಈವರೆಗೆ ಬಂದಿದ್ದ ದೂರುಗಳೆಂದರೆ ಅದಲು ಬದಲಾದ ಸೂಟ್‌ಕೇಸುಗಳು, ವಾಹನ ನಿಲ್ಲಿಸುವ ಜಾಗಕ್ಕೆ ಆದ ಜಗಳಗಳು. ಬೀಗ ಹಾಕಿದ ಗಾಜಿನ ಪೆಟ್ಟಿಗೆಯಿಂದ ವಸ್ತುವೊಂದು ಮಾಯವಾಗಿದೆ ಎಂದು ಕೇಳಿದಾಗ ಒಳಗೊಳಗೇ ಅವರಿಗೆ ಹುರುಪು ಬಂತು. ಅದನ್ನು ಮುಖದಲ್ಲಿ ತೋರಿಸದೆ ದೂರನ್ನು ಬರೆಸಿಕೊಂಡರು. ಎಂಟು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಸಂಖ್ಯೆ ನೂರ ಹದಿನಾಲ್ಕು.

ಎಂಟು ನಲವತ್ತಕ್ಕೆ ಅವರು ಹೆಡ್ ಕಾನ್‌ಸ್ಟೆಬಲ್ ಜೊತೆ ಸ್ಥಳಕ್ಕೆ ಹೋದರು. ಹೆಡ್ ಕಾನ್‌ಸ್ಟೆಬಲ್ ಹೆಂಗಸು. ಠಾಣೆಯಲ್ಲಿ ಎಲ್ಲರಿಗೂ ಆಕೆ ದಫೇದಾರಮ್ಮ.

ನಿಲ್ದಾಣ ಚಿಕ್ಕದು. ದಿನಕ್ಕೆ ಎರಡು ವಿಮಾನ, ಬೆಳಿಗ್ಗೆ ಒಂಬತ್ತು ಹತ್ತಕ್ಕೊಂದು, ಸಂಜೆ ಐದಕ್ಕೊಂದು. ಟಿಕೆಟ್ ತೋರಿಸುವ ಎರಡು ಕೌಂಟರ್, ಹದಿನೆಂಟು ಮೀಟರ್ ಉದ್ದದ ಒಂದೇ ಲಗೇಜ್ ಬೆಲ್ಟ್, ಎಪ್ಪತ್ತು ಕುರ್ಚಿಗಳ ಕಾಯುವ ಕೋಣೆ, ಮಕ್ಕಳಿಗೆ ಹಾಲೂಡಿಸಲು ಒಂದು ಪುಟ್ಟ ಕೋಣೆ, ಒಂದು ಟೀ ಅಂಗಡಿ. ನೆಲ ಎಷ್ಟು ಸ್ವಚ್ಛವಾಗಿತ್ತೆಂದರೆ ದಫೇದಾರಮ್ಮ ತಮ್ಮ ಬೂಟನ್ನು ಕಾಲೊರಸಿನ ಮೇಲೆ ಎರಡು ಸಲ ಉಜ್ಜಿ ಒಳಗೆ ಕಾಲಿಟ್ಟರು.

ಮುಂದಿನ ಹಜಾರಕ್ಕೆ ಯಾರು ಬೇಕಾದರೂ ಬರಬಹುದಿತ್ತು. ನಿಲ್ದಾಣಕ್ಕೆ ಅರವತ್ತು ತುಂಬಿದ ಸಂತೋಷಕ್ಕೆ ಅಲ್ಲಿ ಪ್ರದರ್ಶನ ಇಟ್ಟಿದ್ದರು. ದನ ಮೇಯುತ್ತಿದ್ದ ಬಯಲಿನ ಫೋಟೋ. ನಲವತ್ತು ಜನ ಕಲ್ಲಿನ ರೋಲರ್ ಎಳೆದು ನೆಲ ಸಮ ಮಾಡುತ್ತಿದ್ದ ಫೋಟೋ. ತಗಡಿನ ಶೆಡ್ ಒಂದೇ ನಿಲ್ದಾಣವಾಗಿದ್ದ ಕಾಲದಲ್ಲಿ ಪ್ರಯಾಣಿಕರನ್ನೂ ಅವರ ಗಂಟುಗಳ ಜೊತೆಗೇ ತೂಗುತ್ತಿದ್ದ ದೊಡ್ಡ ತಕ್ಕಡಿ. ದಫೇದಾರಮ್ಮ ಅದರ ಮೇಲೆ ನಿಂತು, ಮುಳ್ಳು ನೋಡಿ, ತಟ್ಟನೆ ಇಳಿದರು.

ಕೊನೆಯಲ್ಲಿತ್ತು ಗಾಜಿನ ಪೆಟ್ಟಿಗೆ. ಗಾಜು ಒಡೆದಿರಲಿಲ್ಲ, ಬೀಗ ಮುರಿದಿರಲಿಲ್ಲ. ರಿಜಿಸ್ಟರ್ ಇಟ್ಟಿದ್ದ ಇಳಿಜಾರು ಹಲಗೆಯ ಮೇಲೆ, ಕೆಳಗೆ ಹಾಸಿದ್ದ ಮಖಮಲ್ ಬಟ್ಟೆಯನ್ನೇ ಎಳೆದು ಹೊದಿಸಿದ್ದರು. ದೂರದಿಂದ ನೋಡಿದವರಿಗೆ ಧೂಳು ಬೀಳದಂತೆ ಮುಚ್ಚಿದ್ದಾರೆ ಎಂದು ಅನ್ನಿಸಬೇಕು, ಹಾಗೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಗಾಜು ಒರೆಸಿದಾಗ ರಿಜಿಸ್ಟರ್ ಇತ್ತು. ಮಂಗಳವಾರ ಆರೂವರೆಗೆ ಬಟ್ಟೆ ಸರಿಸಿ ನೋಡಿದರೆ ಇಲ್ಲ.

ಟೀ ಅಂಗಡಿಯಾಕೆಯನ್ನೂ ಒಬ್ಬ ಲೋಡರ್‌ನನ್ನೂ ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಬರೆಯಲಾಯಿತು. ಬೆರಳಚ್ಚು ಸಿಗಲಿಲ್ಲ. ಮಖಮಲ್ಲಿನ ಅಂಚಿನಲ್ಲೇ ಗಾಜನ್ನು ಒರೆಸಿದ್ದರು.

"ಅದರಲ್ಲಿ ಅಂಥದ್ದೇನಿತ್ತು?" ಇನ್‌ಸ್ಪೆಕ್ಟರ್ ಮ್ಯಾನೇಜರನ್ನು ಕೇಳಿದರು.

"ರೇಡಿಯೋ ಕೋಣೆಯ ರಿಜಿಸ್ಟರ್ ಸರ್. ಯಾವ ವಿಮಾನದ ಜೊತೆ ಎಷ್ಟು ಗಂಟೆಗೆ ಏನು ಮಾತಾಡಿದ್ರು ಅಂತ. ಮಂಜಿನ ದಿನದ ಕತೆ ನಿಮಗೆ ಗೊತ್ತಲ್ಲ?"

ಊರಿನಲ್ಲಿ ಅದು ಗೊತ್ತಿಲ್ಲದವರಿರಲಿಲ್ಲ. ಐವತ್ತೆರಡು ವರ್ಷಗಳ ಹಿಂದೆ ಒಂದು ಸಂಜೆ ಇದ್ದಕ್ಕಿದ್ದಂತೆ ಮಂಜು ಕವಿದು, ಹತ್ತೊಂಬತ್ತು ಜನರಿದ್ದ ವಿಮಾನ ಆಕಾಶದಲ್ಲೇ ಸುತ್ತುತ್ತಿದ್ದಾಗ, ರೇಡಿಯೋ ಆಪರೇಟರ್ ನಲವತ್ತು ನಿಮಿಷ ಮಾತಾಡುತ್ತಾ ಅದನ್ನು ಕ್ಷೇಮವಾಗಿ ಇಳಿಸಿದ್ದರು. ಅವರಿಗೀಗ ಎಂಬತ್ತನಾಲ್ಕು. ಊರಿಗೆಲ್ಲ ರೇಡಿಯೋ ಅಜ್ಜ.

"ಶನಿವಾರ ಅಜ್ಜನಿಗೆ ಸನ್ಮಾನ. ಹೋದ ತಿಂಗಳು ಉಗ್ರಾಣದ ಟ್ರಂಕಲ್ಲಿ ಇದು ಸಿಕ್ತು. ಹಾಳೆಗಳು ಅಂಟಿಕೊಂಡಿದ್ವು, ನಾವು ಬಿಡಿಸೋಕೆ ಹೋಗ್ಲಿಲ್ಲ. ನಾಳೆ ಕಾಲೇಜಿನ ಇತಿಹಾಸದ ಮೇಷ್ಟ್ರು ಬಂದು ಆ ದಿನದ ಪುಟ ಬಿಡಿಸಿ, ಫೋಟೋ ತೆಗೆದು, ಗೋಡೆ ತುಂಬ ದೊಡ್ಡದು ಮಾಡಿಸೋರಿದ್ರು."

"ಈ ವಿಷಯ ಯಾರ‍್ಯಾರಿಗೆ ಗೊತ್ತಿತ್ತು?"

"ಭಾನುವಾರ ನಾನೇ ಎಲ್ಲರಿಗೂ ಹೇಳಿಕೊಂಡು ಬಂದೆ," ಎಂದರು ಮ್ಯಾನೇಜರ್. ಆಗಷ್ಟೇ ತಮ್ಮ ಗುಂಡಿಗಳನ್ನು ಗಮನಿಸಿ ಗೋಡೆಯ ಕಡೆ ತಿರುಗಿಕೊಂಡರು.

ಇನ್‌ಸ್ಪೆಕ್ಟರ್ ದಫೇದಾರಮ್ಮನ ಕಡೆ ನೋಡಿದರು. "ಮಾರೋಕೆ ತೆಗೆದಿದ್ದಲ್ಲ ಇದು. ಯಾರೂ ಓದಬಾರದು ಅಂತ ತೆಗೆದಿದ್ದು."

ಪೆಟ್ಟಿಗೆಗೆ ಎರಡು ಬೀಗದ ಕೈ ಇದ್ದವು. ಒಂದು ಮ್ಯಾನೇಜರ್ ಸೊಂಟದಲ್ಲಿ. ಇನ್ನೊಂದು ಪಕ್ಕದ ಅಗ್ನಿಶಾಮಕ ಠಾಣೆಯಲ್ಲಿ. ಬೆಂಕಿ ಬಿದ್ದರೆ ಬಾಗಿಲು ಒಡೆಯುತ್ತಾ ಕೂರಬಾರದೆಂದು ನಿಲ್ದಾಣದ ಪ್ರತಿ ಬೀಗದ ಜೋಡಿ ಕೈ ಅಲ್ಲಿರುವುದು ನಿಯಮ.

ಅಗ್ನಿಶಾಮಕ ಠಾಣೆಯಲ್ಲಿ ಎರಡು ಕೆಂಪು ವಾಹನಗಳು ಮೂತಿ ಹೊರಗಿಟ್ಟು ನಿಂತಿದ್ದವು. ಅದರ ಮುಖ್ಯಸ್ಥರು ರೇಡಿಯೋ ಅಜ್ಜನ ಮಗನೇ. ನಿವೃತ್ತಿಗೆ ಮೂರು ವರ್ಷ ಬಾಕಿ. ಅವರ ಕಚೇರಿಯ ಗೋಡೆಗೆ ಹಲಗೆ ಹೊಡೆದು ನಲವತ್ತು ಕೊಕ್ಕೆ ಹಾಕಿದ್ದರು. ಗಾಜಿನ ಪೆಟ್ಟಿಗೆಯದು ಹದಿನೇಳನೆಯ ಕೊಕ್ಕೆ. ಅದು ಖಾಲಿ ಇತ್ತು. ದಫೇದಾರಮ್ಮ ಕೈಗಳಿಗೆ ಕಟ್ಟಿದ ಪ್ರತಿಯೊಂದು ನಂಬರಿನ ಬಿಲ್ಲೆಯನ್ನೂ ತಿರುವಿ ನೋಡಿದರು. ಹದಿನೇಳರ ಕೈ ಹನ್ನೊಂದನೆಯ ಕೊಕ್ಕೆಯಲ್ಲಿ, ಅಲ್ಲಿನದರ ಮೇಲೆಯೇ ನೇತಾಡುತ್ತಿತ್ತು.

"ನಿಮ್ಮ ಹುಡುಗರು ಹೀಗೆ ತಪ್ಪಿ ಹಾಕ್ತಾರಾ?"

"ಇಲ್ಲ. ಕಣ್ಣು ಮುಚ್ಚಿಕೊಂಡೂ ಸರಿಯಾಗಿ ಹಾಕ್ತಾರೆ. ಅಭ್ಯಾಸ ಮಾಡಿಸಿದೀನಿ."

"ಹಾಗಾದ್ರೆ ಹೊರಗಿನವರು. ಏಳು ಯಾವುದು ಒಂದು ಯಾವುದು ಸರಿಯಾಗಿ ಕಾಣದೋರು."

ಮುಖ್ಯಸ್ಥರು ಆ ಎರಡು ಬಿಲ್ಲೆಗಳ ಹತ್ತಿರ ಬಾಗಿ ನೋಡಿದರು.

ಹನ್ನೆರಡಕ್ಕೆ ಕ್ಯಾಮೆರಾದ ದಾಖಲೆ ನೋಡಲು ಕೂತರು. ಪೆಟ್ಟಿಗೆಯ ಮೇಲೆ ಕ್ಯಾಮೆರಾ ಇರಲಿಲ್ಲ. ಹಜಾರದ ಬಾಗಿಲ ಮೇಲಿತ್ತು. ಸಂಜೆಯ ಜನರ ಎದುರು ಯಾರೂ ಪೆಟ್ಟಿಗೆ ತೆಗೆಯಲಾರರು, ರಾತ್ರಿ ಹಜಾರಕ್ಕೇ ಬೀಗ. ಸೋಮವಾರ ಹನ್ನೊಂದರಿಂದ ಸಂಜೆಯ ಜನ ಬರುವವರೆಗೆ ಒಳಗೆ ಹೋದವರು ಹದಿನಾಲ್ಕು ಮಂದಿ. ಹದಿಮೂರು ಜನ ಅಲ್ಲಿಯೇ ಕೆಲಸ ಮಾಡುವವರು. ಉಳಿದದ್ದು ಒಬ್ಬ ವಯಸ್ಸಾದ ಹೆಂಗಸು. ಕೈಯಲ್ಲಿ ಬಟ್ಟೆಯ ಚೀಲ. ಹನ್ನೆರಡು ಐವತ್ತೆರಡಕ್ಕೆ ಒಳಗೆ ಹೋಗಿ, ಒಂದು ಐದಕ್ಕೆ ಹೊರಗೆ ಬಂದಿದ್ದರು.

"ಇವರು ಯಾರು?"

ಜೊತೆಗೆ ಬಂದಿದ್ದ ಮುಖ್ಯಸ್ಥರು ಪರದೆಯ ಹತ್ತಿರ ಬಾಗಿದರು. "ನಮ್ಮಮ್ಮ."

"ಯಾಕೆ ಬಂದಿದ್ರು?"

"ನನಗೆ ಊಟ ತಂದಿದ್ರು. ದಿನಾ ತರ್ತಾರೆ. ನನಗೇ ಐವತ್ತೇಳು ವರ್ಷ ಸರ್, ಬೇಡ ಅಂದ್ರೂ ಕೇಳಲ್ಲ. ಕೈಕಾಲು ತೊಳ್ಕೊಂಡು ಬರ್ತೀನಿ ಅಂತ ಹಜಾರಕ್ಕೆ ಹೋಗಿ, ಖಾಲಿ ಡಬ್ಬಿ ತಗೊಳ್ಳೋಕೆ ಮತ್ತೆ ನನ್ನ ಕಚೇರಿಗೇ ಬಂದ್ರು."

ದಫೇದಾರಮ್ಮ ಅದೇ ತುಣುಕನ್ನು ಮೂರು ಸಲ ಹಾಕಿಸಿದರು. "ಸರ್, ಊಟ ಕೊಟ್ಟು ಬಂದ ಮೇಲೆ ಚೀಲ ಹಗುರ ಆಗ್ಬೇಕಲ್ವಾ? ಒಳಗೆ ಹೋಗುವಾಗ ಎರಡು ಬೆರಳಲ್ಲಿ ಹಿಡ್ಕೊಂಡಿದಾರೆ. ಬರುವಾಗ ನೋಡಿ, ಬಲಗೈಯಿಂದ ಎಡಗೈಗೆ ಬದಲಾಯಿಸ್ತಾ ಇದಾರೆ."

"ಕೀ ನನ್ನ ಜವಾಬ್ದಾರಿ," ಮುಖ್ಯಸ್ಥರು ಎದ್ದು ನಿಂತರು. "ನನ್ನ ಹೆಸರು ಬರ್ಕೊಳ್ಳಿ ಸರ್. ನಾನೇ ತೆಗೆದೆ ಅಂತ ಬರ್ಕೊಳ್ಳಿ."

"ನೀವು ತೆಗೆದಿದ್ರೆ ಹದಿನೇಳನೇ ಕೊಕ್ಕೆಗೇ ಹಾಕ್ತಿದ್ರಿ," ಎಂದರು ಇನ್‌ಸ್ಪೆಕ್ಟರ್. "ಕೂತ್ಕೊಳ್ಳಿ. ನೀರು ಕುಡೀರಿ."

ಶೋಧನೆಗೆ ಬೇಕಾದ ಕಾಗದಪತ್ರ ಆಗುವ ಹೊತ್ತಿಗೆ ಬುಧವಾರ ಬಂತು. ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಅವರು ಮನೆ ತಲುಪಿದರು. ಜೊತೆಗೆ ಪಂಚರೂ ಇದ್ದರು. ನಿಲ್ದಾಣದ ಬೇಲಿಗೆ ತಾಗಿದ ಓಣಿಯಲ್ಲಿ ಮೂರನೆಯ ಮನೆ. ಜಗಲಿಯ ಮೇಲೆ ರೇಡಿಯೋ ಅಜ್ಜ ಗಡಿಯಾರ ಕಟ್ಟಿಕೊಂಡು ಕೂತಿದ್ದರು. ವಿಮಾನ ತಲೆಯ ಮೇಲೆ ಹಾದುಹೋಯಿತು.

"ಎರಡು ನಿಮಿಷ ತಡ," ಅಜ್ಜ ತೃಪ್ತಿಯಿಂದ ಹೇಳಿದರು. ಆಮೇಲೆ ಸಮವಸ್ತ್ರ ನೋಡಿದರು. "ಬನ್ನಿ, ಬನ್ನಿ. ಶನಿವಾರದ ಬಂದೋಬಸ್ತಿಗಾ?"

ಅಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡರು. ಎಪ್ಪತ್ತೆಂಟು ವರ್ಷದ ಸಣ್ಣ ಆಳು, ಚುರುಕು ನಡಿಗೆ. ದಫೇದಾರಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಕೆಲಸಕ್ಕೇ ಬಂದಿದೀಯಾ ಮಗಳೇ?"

"ಹೌದಮ್ಮ. ಎಲ್ಲಿಟ್ಟಿದೀರಿ?"

"ಹೊಲಿಗೆ ಮೆಷಿನ್ ಮುಚ್ಚಳದೊಳಗೆ. ಇವರು ಅದನ್ನು ಯಾವತ್ತೂ ತೆಗೆಯಲ್ಲ."

ಒಂಬತ್ತು ಇಪ್ಪತ್ತೈದಕ್ಕೆ ರಿಜಿಸ್ಟರ್ ಜಪ್ತಿಯಾಯಿತು. ಅಂಟಿಕೊಂಡಿದ್ದ ಹಾಳೆಗಳನ್ನು ಒದ್ದೆ ಬಟ್ಟೆಯ ಹಬೆಯಲ್ಲಿ ಯಾರೋ ನಾಜೂಕಾಗಿ ಬಿಡಿಸಿದ್ದರು; ಒಂದೂ ಹರಿದಿರಲಿಲ್ಲ. ಇನ್‌ಸ್ಪೆಕ್ಟರ್ ಮಂಜಿನ ದಿನದ ಪುಟ ತೆರೆದರು. ಮೇಲಿನ ಏಳು ಸಾಲುಗಳು ಓರೆಯಾದ ಅವಸರದ ಅಕ್ಷರ. ನಾಲ್ಕು ಗಂಟೆ ಹತ್ತು ನಿಮಿಷದಿಂದ ಅಕ್ಷರ ಬದಲಾಗಿತ್ತು. ದುಂಡಗೆ, ಬಿಡಿಬಿಡಿಯಾಗಿ, ಶಾಲೆಯ ಮಗ್ಗಿ ಪುಸ್ತಕದ ಹಾಗೆ.

'೪:೧೦ ಕಿಟಕಿಯಿಂದ ಏನೂ ಕಾಣುವುದಿಲ್ಲ ಎಂದು ಹೇಳಿದೆ.'

'೪:೧೯ ಗುಡ್ಡದ ತುದಿ ಕಂಡಿತು. ಹೇಳಿದೆ. ಮತ್ತೆ ಹೋಯಿತು. ಅದನ್ನೂ ಹೇಳಿದೆ.'

'೪:೩೧ ಮಾತು ನಿಲ್ಲಿಸಬೇಡಿ ಎಂದರು.'

ಕೊನೆಯ ಸಾಲು: '೪:೫೨ ಇಳಿಯಿತು. ಎಲ್ಲರೂ ಇದ್ದಾರೆ.'

ಇನ್‌ಸ್ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿ ಅಜ್ಜಿಯ ಕಡೆ ತಿರುಗಿದರು. "ಇದು ನಿಮ್ಮ ಅಕ್ಷರ."

"ಹೂಂ."

"ರೇಡಿಯೋದಲ್ಲಿ ಮಾತಾಡಿದ್ದು ನೀವು."

"ಇವರಿಗೆ ಸಂಜೆಯ ಬುತ್ತಿ ತಗೊಂಡು ಹೋಗಿದ್ದೆ. ಆ ಹೊತ್ತಿಗೇ ಮಂಜು ಬಂತು. ಗುಂಡಿ ಒತ್ತು, ಕಂಡಿದ್ದನ್ನ ಹೇಳು, ಹೇಳಿದ್ದನ್ನ ಬರಿ ಅಂದು ಇವರು ಓಡಿಹೋದ್ರು."

"ಎಲ್ಲಿಗೆ?"

"ದೀಪ ಹಚ್ಚೋಕೆ! ಆಗೆಲ್ಲಿತ್ತು ಕರೆಂಟು ದೀಪ? ರನ್‌ವೇ ಎರಡೂ ಕಡೆ ಸೀಮೆಎಣ್ಣೆ ಬುಡ್ಡಿ ಇಡಬೇಕಿತ್ತು. ಇಡೋನು ಅವತ್ತು ರಜಾ. ಎಣ್ಣೆ ಡಬ್ಬ ಹೊತ್ಕೊಂಡು, ಒಬ್ರೇ, ಆ ತುದಿಯಿಂದ ಈ ತುದಿವರೆಗೆ ಓಡಿದಾರೆ. ಎರಡೂ ಅಂಗೈ ಸುಟ್ಟಿತ್ತು. ಒಂದು ತಿಂಗಳು ನಾನೇ ತುತ್ತು ತಿನ್ನಿಸಿದೀನಿ."

"ಆಮೇಲೆ ನಿಜ ಹೇಳಬಹುದಿತ್ತಲ್ಲ?"

ಜಗಲಿಯಿಂದ ಎದ್ದು ಬಂದು ಬಾಗಿಲು ಹಿಡಿದು ನಿಂತಿದ್ದ ಅಜ್ಜ ಉತ್ತರಿಸಿದರು. "ನೌಕರರಲ್ಲದವರು ರೇಡಿಯೋ ಮುಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು. ಮಗನಿಗೆ ಆಗ ಐದು ವರ್ಷ. ಸುಮ್ಮನಾದ್ವಿ. ರಿಟೈರ್ ಆದ ಮೇಲೆ ಹೇಳ್ತೀನಿ ಅಂದ್ರೆ ಇವಳು ಬಿಡಲಿಲ್ಲ. ಪ್ರತಿ ಸಲ ಯಾರಾದ್ರೂ ಹೊಗಳಿದಾಗ ನನಗೆ ತಲೆ ಎತ್ತೋಕೆ ಆಗ್ತಿರಲಿಲ್ಲ." ಅವರು ಹೆಂಡತಿಯ ಕಡೆ ತಿರುಗಿದರು. "ಕದ್ದುಬಿಟ್ಯಾ? ಈ ವಯಸ್ಸಲ್ಲಿ?"

"ಇನ್ನೇನು ಮಾಡ್ಲಿ? ಗೋಡೆ ತುಂಬ ನನ್ನ ಅಕ್ಷರ ಹಾಕಿಸ್ತೀನಿ ಅಂತಾನೆ ಆ ಮ್ಯಾನೇಜರು!"

"ಹಾಕಿಸ್ಲಿ ಬಿಡಮ್ಮ," ದಫೇದಾರಮ್ಮ ತಡೆಯಲಾರದೆ ಅಂದುಬಿಟ್ಟರು. "ನಿಮಗೂ ಹೆಸರು ಬರ್ಲಿ."

"ಹೆಸರು ನನಗೆ ಬರ್ತದೆ. ಇವರಿಗೆ?" ಅಜ್ಜಿಯ ದನಿ ಏರಿತು. "ಆ ಪುಟದಲ್ಲಿ ನಾನು ಮಾತಾಡಿದ್ದು ಎಲ್ಲಾ ಇದೆ. ಇವರು ಹಚ್ಚಿದ ದೀಪ ಒಂದೂ ಇಲ್ಲ. ನಾನು ಕುರ್ಚಿ ಮೇಲೆ ಕೂತಿದ್ದೆ, ಏನು ಬರೀಬೇಕು ಅಂತ ಗೊತ್ತಿರಲಿಲ್ಲ, ದೀಪದ ವಿಷಯ ಬರೀಲೇ ಇಲ್ಲ. ಅದನ್ನ ಓದಿದೋರು ಏನಂತಾರೆ? ಅವಳು ವಿಮಾನ ಇಳಿಸಿದ್ಲು, ಇವನು ಸುಳ್ಳು ಹೇಳ್ಕೊಂಡು ಶಾಲು ಹೊದಿಸ್ಕೊಂಡ ಅಂತಾರೆ. ಪೈಲಟ್ ಕೊನೆಗೆ ಇಳಿದದ್ದು ದೀಪ ನೋಡಿ ಸ್ವಾಮಿ, ನನ್ನ ಮಾತು ಕೇಳಿ ಅಲ್ಲ. ನನಗೆ ಹೇಳೋಕೆ ಏನೂ ಉಳಿಯದೆ, ಮಧ್ಯಾಹ್ನದ ಅಡುಗೆ ಏನು ಅಂತ ಹೇಳ್ತಾ ಕೂತಿದ್ದೆ."

ಅಜ್ಜನಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಕಣ್ಣಲ್ಲಿ ನೀರು ಬಂತು. "ಅಡುಗೆ ಸುದ್ದಿ ಹೇಳಿದ್ಯಾ? ಐವತ್ತೆರಡು ವರ್ಷದಲ್ಲಿ ಇದನ್ನ ನನಗೆ ಹೇಳೇ ಇಲ್ವಲ್ಲೇ!"

"ನೀವು ಕೇಳಿದ್ರಾ?"

ಹತ್ತು ಐದಕ್ಕೆ ದಫೇದಾರಮ್ಮ ಅಜ್ಜಿಯನ್ನು ಬಂಧಿಸಿದರು. ಬಂಧನದ ಕಾರಣವನ್ನು ಓದಿ ಹೇಳಿ, ಗಂಡನ ಸಹಿ ಪಡೆದರು. ಅಜ್ಜಿ ಒಲೆ ಆರಿಸಿ, ಮಗನ ಊಟದ ಡಬ್ಬಿಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತರು. ಅಜ್ಜ ಯಾರು ಹೇಳಿದರೂ ಕೇಳದೆ ಹಿಂದೆ ಹತ್ತಿದರು.

ಠಾಣೆಗೆ ಮ್ಯಾನೇಜರ್ ಓಡಿ ಬಂದರು. ವಿಷಯ ಕೇಳಿದ ಮೇಲೆ ಅವರಿಗೆ ಸಂಕಟ. "ದೂರು ವಾಪಸ್ ತಗೋತೀನಿ ಸರ್."

"ಎಫ್‌ಐಆರ್ ಆದ ಮೇಲೆ ಅದು ಕೋರ್ಟಿನ ಕೈಲಿ. ವಸ್ತು ವಾಪಸ್ ಸಿಕ್ಕಿದೆ, ಹಾನಿ ಆಗಿಲ್ಲ, ನಿಮ್ಮ ತಕರಾರಿಲ್ಲ ಅಂತ ಬರೆದುಕೊಡಿ. ನ್ಯಾಯಾಧೀಶರು ಬುದ್ಧಿ ಹೇಳಿ ಕಳಿಸಬಹುದು. ಪುಟದ ಫೋಟೋ ಬೇಕಾದ್ರೆ ಮೇಷ್ಟ್ರು ಕೋರ್ಟಿನ ಅನುಮತಿ ಕೇಳ್ಲಿ."

"ಶನಿವಾರ ಏನು ಮಾಡೋದು?"

"ಶನಿವಾರ ನಾನೇ ಮಾತಾಡ್ತೀನಿ," ಬೆಂಚಿನ ಮೇಲಿಂದ ಅಜ್ಜ ಹೇಳಿದರು. "ಎರಡು ಶಾಲು ತರಿಸಿ."

ಮಗ ಜಾಮೀನು ಪತ್ರಕ್ಕೆ ಸಹಿ ಹಾಕಿ, ತಾಯಿಯ ಪಕ್ಕದಲ್ಲಿ ಕೂತರು. ಬೀಗದ ಕೈಗಳ ವಿಷಯಕ್ಕೆ ಅವರಿಗೆ ಒಂದು ಎಚ್ಚರಿಕೆಯ ಪತ್ರ ಬರುವುದಿತ್ತು. ಅದರ ಚಿಂತೆ ಅವರ ಮುಖದಲ್ಲಿ ಕಾಣಲಿಲ್ಲ. ಅಮ್ಮ ವಿಮಾನದ ಜೊತೆ ಮಾತಾಡಿದ ಸಂಗತಿ ಅವರಿಗೂ ಹೊಸದು. ಮತ್ತೆ ಮತ್ತೆ ಕೇಳುತ್ತಿದ್ದರು.

ಇನ್‌ಸ್ಪೆಕ್ಟರ್ ಆರೋಪಿಯ ಹೇಳಿಕೆಯನ್ನು ತಾವೇ ಬರೆದರು. ಕೃತ್ಯದ ಉದ್ದೇಶ ಎಂಬ ಕಡೆಗೆ ಬಂದಾಗ ಪೆನ್ನು ನಿಲ್ಲಿಸಿ ಅಜ್ಜನನ್ನು ಕೇಳಿದರು.

"ಅವತ್ತು ಎಷ್ಟು ದೀಪ ಹಚ್ಚಿದ್ರಿ?"

"ಮೂವತ್ತೆಂಟು. ಆ ಕಡೆ ಹತ್ತೊಂಬತ್ತು, ಈ ಕಡೆ ಹತ್ತೊಂಬತ್ತು."

ಇನ್‌ಸ್ಪೆಕ್ಟರ್ ಬರೆದುಕೊಂಡರು: ಸದರಿ ದಿನ ಸಂಜೆ ನಾಲ್ಕು ಹತ್ತರಿಂದ ನಾಲ್ಕು ಐವತ್ತೆರಡರವರೆಗೆ ಆರೋಪಿಯ ಗಂಡ ಒಬ್ಬರೇ ಓಡಾಡಿ ಮೂವತ್ತೆಂಟು ದೀಪ ಹಚ್ಚಿದ್ದು, ಅದು ರಿಜಿಸ್ಟರಿನಲ್ಲಿ ನಮೂದಾಗದ ಕಾರಣ ಅವರಿಗೆ ಅನ್ಯಾಯವಾಗುವುದೆಂಬ ಭಾವನೆಯಿಂದ ಆರೋಪಿಯು ಈ ಕೃತ್ಯ ಎಸಗಿರುತ್ತಾರೆ.

ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಅಜ್ಜಿ ಕನ್ನಡಕ ಇಸಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು, ತಾವೇ ಇನ್ನೊಮ್ಮೆ ಓದಿದರು. ಆಮೇಲೆ ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು.