ಭಂಡಾರ ಹತ್ತದ ಗಾಡಿ

ಊರ ಮಂದಿಯೆದುರು ಪೂಜಾರಿ ಬಸಗೊಂಡ ಶಿದ್ರಾಯನ ಹೊಸ ಗಾಡಿಗೆ ಭಂಡಾರ ಹಚ್ಚಲಿಲ್ಲ. ಹೊಸದೆಂದರೆ ಶಿದ್ರಾಯನಿಗೆ ಹೊಸದು, ಅಷ್ಟೆ. ಮೂರು ಲಕ್ಷ ಕಿಲೋಮೀಟರ್ ಓಡಿ, ಹಲವರ ಕೈಯಲ್ಲಿ ಹಣ್ಣಾದ ಬಿಳಿಯ ಎಸ್‌ಯುವಿ ಅದು. ಮಿರಜದಿಂದ ತಂದವನೇ ತನ್ನೂರು ಉಟಗಿಯ ದಿಬ್ಬದ ಮೇಲಿನ ಬೀರಪ್ಪನ ಗುಡಿಯ ಮುಂದೆ ನಿಲ್ಲಿಸಿದ್ದ. ಬಾನೆಟ್ಟಿಗೆ ಹಾರ, ಗಾಲಿಯಡಿಗೆ ನಿಂಬೆಹಣ್ಣು, ಎಲ್ಲ ಸಜ್ಜಾಗಿತ್ತು. ಬಸಗೊಂಡ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅರಿಶಿನದ ಭಂಡಾರ ತೆಗೆದವನು, ಏನೋ ನೆನಪಾದಂತೆ ಅದನ್ನು ಮತ್ತೆ ಚೀಲಕ್ಕೇ ಸುರಿದ.

“ಮೊದಲ ಹಣಮವ್ವನ ಹೊಲಾ ಬಿಟ್ಟಕೊಡೊ ಶಿದ್ರಾಯಾ. ಹೊಲಾ ಅಕಿಗೇ ಅಂತ ನಿಮ್ಮಣ್ಣ ಸಾಯುಮುಂದ ಹೇಳಿದ್ದು ನನ್ನ ಕಿವಿಲೇ ಕೇಳೇನಿ. ಜತ್ತ ಕೋರ್ಟಿನ್ಯಾಗೂ ಅದನ್ನ ಹೇಳಾಂವ. ಅಲ್ಲೀತನಕಾ ಈ ಗಾಡಿಗಿ ದೇವರ ಭಂಡಾರ ಹತ್ತೂದಿಲ್ಲ.”

“ಆಗಲ್ರಿ ಮಾಮಾ,” ಎಂದು ಶಿದ್ರಾಯ ನಕ್ಕ. ಹಾರ ಹಾಕಿದ ಗಾಡಿಯನ್ನು ದಿಬ್ಬದಿಂದ ಇಳಿಸುವಾಗ ಹಿಂದೆ ಯಾರೋ ಕಿಸಕ್ಕೆಂದದ್ದು ಕೇಳಿಸಿತು. ಅತ್ತಿಗೆ ಹಣಮವ್ವ ಮಾತ್ರ ನಗದೆ ಸೆರಗು ಹೊದ್ದು ನಿಂತಿದ್ದಳು. ಆ ಹೊಲದ ಬೋರಿಗೆ ಬಿರುಬೇಸಿಗೆಯಲ್ಲೂ ನೀರು. ಅದನ್ನು ಬಿಡುವ ಮಾತೇ ಇಲ್ಲ. ಅಣ್ಣನ ಕೊನೆಯ ಮಾತಿಗೆ ಸಾಕ್ಷಿಯೆಂದರೆ ಈ ಮುದುಕ ಒಬ್ಬನೇ. ಈ ಒಂದು ಬಾಯಿ ಮುಚ್ಚಿದರೆ ಹೊಲ ಉಳಿದೀತು, ಹೋದ ಮಾನಕ್ಕೂ ಬಡ್ಡಿಸಮೇತ ಮುಯ್ಯಿ ತೀರೀತು.

ಗಾಡಿಯನ್ನು ಅವನು ಯಾವ ಗ್ಯಾರೇಜಿಗೂ ಒಯ್ಯಲಿಲ್ಲ. ಮೇಸ್ತ್ರಿಗೆ ಕೈಯ ಜೊತೆ ಬಾಯಿಯೂ ಇರುತ್ತದೆ. ತೋಟದ ಶೆಡ್ಡಿನಲ್ಲಿ ಜಾಕ್ ಹಚ್ಚಿ, ಮೊಬೈಲಿನ ವಿಡಿಯೋ ಮುಂದಿಟ್ಟುಕೊಂಡು ಎಲ್ಲ ತಾನೇ ಮಾಡಿದ. ಕೈ ಕೆಸರಾದರೆ ಬಾಯಿ ಮೊಸರು. ಇಲ್ಲಿ ಕೆಸರಿನ ಬದಲು ಕರೀ ಆಯಿಲ್, ಅಷ್ಟೇ ವ್ಯತ್ಯಾಸ. ಕಿರ್ರೆನ್ನುತ್ತಿದ್ದ ಬೆಲ್ಟು ಬದಲಿಸಿದ, ಏಕೆಂದರೆ ಹಿಂದಿನಿಂದ ಬರುವ ಸಾವು ಮುದುಕನಿಗೆ ಕೇಳಿಸಬಾರದು. ಗುದ್ದಿದ ಮೇಲೆ ಗಾಡಿ ಗಟಾರಕ್ಕೆ ಇಳಿಯಬಾರದೆಂದು ಬ್ರೇಕಿಗೆ ಹೊಸ ಪ್ಯಾಡ್ ಕೂರಿಸಿದ. ಏಸಿಯ ಗಾಳಿ ಉಬ್ಬಸದವನ ಉಸಿರಿನಂತೆ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಖಾನೆ ಕಳಚಿ ನೋಡಿದರೆ, ಗಾಳಿ ಸೋಸುವ ಫಿಲ್ಟರಿನ ತುಂಬ ಧೂಳು, ಬೇವಿನೆಲೆ, ಇಲಿಯ ಹಿಕ್ಕೆ. ಕಿತ್ತು ತಿಪ್ಪೆಗೆ ಒಗೆದ. ಗಾಳಿ ಭರ್ರೆಂದು ಬಂತು. ಹೊಸದನ್ನು ಆಮೇಲೆ ತಂದರಾಯಿತು. ಕೊನೆಗೆ ಹಳೆಯ ಕಬ್ಬಿಣದ ಪೈಪು ಕೊಯ್ದು, ಬಂಪರಿಗೆ ಗೀರು ಬೀಳದ ಹಾಗೆ ಮುಂದೆ ನಟ್ಟು ಹಾಕಿ ಬಿಗಿಯಲೊಂದು ಗಾರ್ಡ್ ಬೆಸೆದು, ಗೋಣಿತಾಟಿನ ಕೆಳಗೆ ಅಡಗಿಸಿಟ್ಟ. ನಟ್ಟು ಬಿಗಿಯುವಾಗ ಪಾನಾದ ಹಿಡಿತಕ್ಕೆ ಬಸಗೊಂಡನ ಕುತ್ತಿಗೆಯೇ ಸಿಕ್ಕಂತಾಗಿ ಅವನಿಗೆ ಭಾರಿ ಖುಷಿಯಾಗುತ್ತಿತ್ತು.

ಬಸಗೊಂಡ ದಿನವೂ ನಸುಕಿನಲ್ಲಿ, ಹೆಂಡತಿ ರುಕ್ಮವ್ವ ಕುಟ್ಟಿದ ಭಂಡಾರದ ಚೀಲ ಹೊತ್ತು, ಡಾಂಬರು ರಸ್ತೆ ಹಿಡಿದು ಗುಡಿಗೆ ನಡೆಯುತ್ತಿದ್ದ. ಕರೆಂಟು ಮಾಡುವ ಪವನಚಕ್ಕಿಯ ರೆಕ್ಕೆ ಹೊತ್ತ ಉದ್ದುದ್ದ ಲಾರಿಗಳು ಹೋಗುವ ಹೊತ್ತೂ ಅದೇ. ಸತ್ತವನನ್ನು ಕಂಡ ಮಂದಿ ಮೊದಲು ಬೈಯುವುದು ಲಾರಿಯವರನ್ನು.

ಕೋರ್ಟಿನ ತಾರೀಖಿನ ಹಿಂದಿನ ದಿನ. ಶಿದ್ರಾಯ ಗಾರ್ಡ್ ಬಿಗಿದು, ಕೂಗು ಕೇಳದಿರಲೆಂದು ಕಿಟಕಿಯ ಗಾಜು ಏರಿಸಿದ. ದೀಪ ಹಚ್ಚಲಿಲ್ಲ, ಏಸಿಯ ಫ್ಯಾನೂ ಹಚ್ಚಲಿಲ್ಲ. ಹೆಗಲ ಮೇಲೆ ಕಂಬಳಿ, ಎದೆಗೆ ಚೀಲ ಅವಚಿಕೊಂಡು ಮುದುಕ ನಡೆದಿದ್ದ. ಶಿದ್ರಾಯ ಆಕ್ಸಿಲರೇಟರ್ ಒತ್ತಿದ. ಬಸಗೊಂಡ ಹೊರಳಿ ನೋಡುವಷ್ಟರಲ್ಲಿ ಮೊಳಕಾಲುಗಳು ಗಾರ್ಡಿಗೆ ಸಿಕ್ಕು ಲಟಕ್ಕೆಂದವು. ಮೈ ಬಾನೆಟ್ಟಿನ ಮೇಲೆ ಅಪ್ಪಳಿಸಿತು. ಚೀಲ ಒಡೆದು ಮುಂದಿನ ಗಾಜೆಲ್ಲ ಹಳದಿಯಾಯಿತು. ಬ್ರೇಕ್ ಒತ್ತಿದೊಡನೆ ಮುದುಕ ರಸ್ತೆಗೆ ಉರುಳಿದ. ಬಾಯಿಯಿಂದ ರಕ್ತ ಸುರಿಯುತ್ತಿದ್ದರೂ ಒಂದು ಕೈ ಇನ್ನೂ ರಸ್ತೆಯಂಚಿನ ಮಣ್ಣು ಕೆದರುತ್ತಿತ್ತು. ಶಿದ್ರಾಯ ಹಿಂದೆ ಸರಿದು, ಎದೆಯ ಮೇಲೆಯೇ ಗಾಲಿ ಹತ್ತಿಸಿದ. ಎಲುಬು ಮುರಿದದ್ದು ಅಂಗಾಲಿಗೆ ತಿಳಿಯಿತು. ಸಾಲದೆನಿಸಿ ಮತ್ತೊಮ್ಮೆ ಹತ್ತಿಸಿದ. ಅಂಜಿಕೆಯಾಗಲಿಲ್ಲ, ಹಿತವೆನಿಸಿತು.

ಮುಂದಿನದೂ ಎಣಿಸಿದಂತೆಯೇ ಆಯಿತು. ಗಾರ್ಡ್ ಹಾಳುಬಾವಿ ಸೇರಿತು. ಮೋಟರಿನ ಪೈಪು ಹಿಡಿದು ಗಾಲಿ, ಗಾಲಿಯ ಮೇಲಿನ ಸಂದು, ಗಾಡಿಯ ಹೊಟ್ಟೆ, ವೈಪರು ಎಲ್ಲ ತೊಳೆದ. ಗಾಜಿನ ಬುಡದ ಜಾಲರಿಯ ಸೀಳುಗಳನ್ನೂ ಬ್ರಶ್ಶಿನಿಂದ ಉಜ್ಜಿದ. ಬಿಸಿಲೇರುವಷ್ಟರಲ್ಲಿ ಗಾಡಿ ಮದುಮಗನಂತೆ ಹೊಳೆಯುತ್ತಿತ್ತು.

ಊರೆಲ್ಲ ಲಾರಿಯವರನ್ನು ಶಪಿಸಿತು. ಎಲ್ಲರಿಗಿಂತ ಜೋರಾಗಿ ಶಿದ್ರಾಯ. ಹೆಣವನ್ನು ಜತ್ತದ ದವಾಖಾನೆಗೆ ಒಯ್ದಿದ್ದರು. ಹಿಂದೆ ಹೋಗಲು ರುಕ್ಮವ್ವನಿಗೆ ಗಾಡಿ ಇರಲಿಲ್ಲ. “ನಂದ ಐತೆಲ್ಲಾ ಅತ್ತಿ, ಬರ್ರಿ,” ಎಂದು ಕಣ್ಣೊರೆಸುತ್ತ ಬಾಗಿಲು ತೆರೆದ. ಕೊಂದವನು ಕೊಲೆಯಾದವನ ಹೆಂಡತಿಯನ್ನು ಅದೇ ಗಾಡಿಯಲ್ಲಿ ಕೂರಿಸಿಕೊಂಡಾನೆಂದು ಯಾರು ನಂಬುತ್ತಾರೆ? ಅವಳ ಕೈ ಹಿಡಿದುಕೊಂಡು ಹಣಮವ್ವ ಹಿಂದೆ ಕೂತಳು. ಪಂಚನಾಮೆ ಮುಗಿಸಿದ ಹವಾಲ್ದಾರ ದತ್ತಾ ಮುಂದೆ ಕೂತ. ಊರು ದಾಟುವಷ್ಟರಲ್ಲಿ ಅವನ ಖಾಕಿ ಅಂಗಿ ಬೆನ್ನಿಗೆ ಅಂಟಿತ್ತು.

“ಭಾಳ ಶೆಕಿ ಐತಿ, ಏಸಿ ಹಚ್ಚರಿ.”

“ಹಚ್ಚೇಬಿಡ್ತೀನ್ರಿ ಸಾಹೇಬ್ರ. ನಾನೇ ರಿಪೇರಿ ಮಾಡೀನಿ, ಗಾಳಿ ನೋಡ್ರಿ ಹೆಂಗ ಬರತೈತಿ,” ಎಂದ ಶಿದ್ರಾಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಭರ್ರೆಂದು ಗಾಳಿ ಬಂತು, ಗಾಳಿಯ ಜೊತೆ ಹಳದಿ ಪುಡಿ. ಅವನ ಬಿಳಿ ಅಂಗಿ, ಮೀಸೆ, ಹವಾಲ್ದಾರನ ಎದೆ ಎಲ್ಲ ಭಂಡಾರ. ರುಕ್ಮವ್ವ ಮುಂದಕ್ಕೆ ಬಾಗಿ ಬೆರಳಿಗೆ ಹಚ್ಚಿಕೊಂಡು ಮೂಸಿದಳು. “ಇದು ನಾ ಕುಟ್ಟಿದ್ದು,” ಎಂದಳು. ಹಣಮವ್ವ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: “ಈ ಗಾಡಿಗಿ ಪೂಜಾರಿ ಭಂಡಾರ ಹಚ್ಚಿರಲಿಲ್ಲಲಾ?” ದತ್ತಾ ಗಾಡಿಯನ್ನು ಬದಿಗೆ ನಿಲ್ಲಿಸಿಸಿ, ಕೈ ಚಾಚಿ ಕೀಲಿ ತಿರುಗಿಸಿ ಕಿತ್ತುಕೊಂಡ. ಗಾಜಿನ ಬುಡದ ಜಾಲರಿಯಿಂದ ಏಸಿಯ ಗಾಳಿಯ ದಾರಿಗೆ ಇಳಿದ ಪುಡಿಯನ್ನು ಒಳಗೇ ತಡೆದು ನಿಲ್ಲಿಸಬೇಕಿದ್ದ ಫಿಲ್ಟರು ತಿಪ್ಪೆಯಲ್ಲಿ ಬಿದ್ದಿತ್ತು.