ಕಲ್ಲುಹಳ್ಳ ನಾಲೆಯ ಬುಧವಾರದ ಪಟ್ಟಿ

೧೯೮೮ನೇ ಇಸವಿ ಮಾರ್ಚ್ ೧೧, ಶುಕ್ರವಾರ. ಬೆಳಿಗ್ಗೆ ೧೦-೪೦ಕ್ಕೆ ಚನ್ನಗಿರಿ ಠಾಣೆಗೆ ಒಂದು ದೂರು ಬಂತು. ತಂದವರು ಕಲ್ಲುಹಳ್ಳ ಉಪನಾಲೆಯ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ಎ.ಇ.ಇ.) ನಾಗೇಂದ್ರಪ್ಪ.

ಸಬ್ ಇನ್ಸ್‌ಪೆಕ್ಟರ್ ತಿಪ್ಪೇಶಪ್ಪ ಅದನ್ನು ಎರಡು ಸಲ ಓದಿದರು. ಹನ್ನೊಂದು ವರ್ಷದ ಸರ್ವೀಸಿನಲ್ಲಿ ತೂಬು ಒಡೆದದ್ದು, ಗೇಟಿನ ಬೀಗ ಮುರಿದದ್ದು, ನೀರಿಗಾಗಿ ಕುಡುಗೋಲು ಎತ್ತಿದ್ದು ಎಲ್ಲವನ್ನೂ ನೋಡಿದ್ದರು. ಕಂಪ್ಯೂಟರಿನ ಒಳಗಿಂದ ನೀರು ಕದ್ದಿದ್ದಾರೆ ಎಂಬ ದೂರು ಇದೇ ಮೊದಲು.

“ಬಿಡಿಸಿ ಹೇಳ್ರಿ.”

ನಾಗೇಂದ್ರಪ್ಪ ಹೇಳಿದರು. ಎರಡು ವರ್ಷದ ಹಿಂದೆ ಪ್ರಯೋಗಕ್ಕೆಂದು ಅವರ ಕಚೇರಿಗೆ ಕಂಪ್ಯೂಟರು ಬಂದಿತ್ತು. ನಾಲೆಗೆ ನಲವತ್ತೊಂದು ತೂಬು. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು ಎಂಬ ಪಟ್ಟಿಯನ್ನು ಪ್ರತಿ ಬುಧವಾರ ಸಂಜೆ ಅದು ಪ್ರಿಂಟ್ ಮಾಡುತ್ತದೆ. ಗುರುವಾರ ಬೆಳಿಗ್ಗೆ ನೀರುಗಂಟಿಗಳು ಅದನ್ನು ಒಯ್ದು ಅದರಂತೆ ನೀರು ಬಿಡುತ್ತಾರೆ. ಮೂರನೇ ತೂಬಿನ ಜಮೀನ್ದಾರ ಮುರುಗೇಶಪ್ಪ ಗಡಿಯಾರ ಹಿಡಿದು ಕೂತು, ತನಗೆ ವಾರಕ್ಕೆ ಇಪ್ಪತ್ತು ನಿಮಿಷ ಕಡಿಮೆ ಬರುತ್ತಿದೆ ಎಂದು ಜಗಳ ತೆಗೆದಿದ್ದ. ತಾಳೆ ನೋಡಿದರೆ ನಿಜ. ಮಿಷನ್ನಿನೊಳಗಿನ ಮೂಲ ಪಟ್ಟಿಯೇ ಬೇರೆ, ಕಾಗದದ ಮೇಲೆ ಬರುವುದೇ ಬೇರೆ. ಮೇಲಿನ ತೂಬುಗಳಿಗೆ ಹೊತ್ತು ಕಡಿಮೆಯಾಗಿ, ನಾಲೆಯ ಕೊನೆಯವಕ್ಕೆ ಹೆಚ್ಚಾಗಿತ್ತು.

“ಯಾವತ್ತಿಂದ?”

“ಜನವರಿ ಕೊನೇ ವಾರದಿಂದ. ಅವತ್ತಿಂದ್ಲೇ ಬುಧವಾರ ಸಂಜೆ ಮಿಷನ್ನು ಎದ್ದೇಳಾಕೆ ಒಲ್ಲೆ ಅಂತೈತೆ. ಹತ್ತು ನಿಮಿಷದ ಪ್ರಿಂಟಿಗೆ ಒಂದೂವರೆ ಗಂಟೆ. ಬೆಳಿಗ್ಗೆ ನೋಡಿದ್ರೆ ಏನೂ ಆಗಿಲ್ಲ ಅನ್ನೋಂಗೆ ಇರ್ತೈತೆ.”

ಕಂಪ್ಯೂಟರಿನ ಮಾತೆತ್ತುವ ಕಲಂ ಠಾಣೆಯ ಯಾವ ಪುಸ್ತಕದಲ್ಲೂ ಇರಲಿಲ್ಲ. ನೀರಾವರಿಯ ನೀರನ್ನು ತಪ್ಪಾಗಿ ತಿರುಗಿಸುವುದಕ್ಕೆ ಭಾರತ ದಂಡ ಸಂಹಿತೆಯ ೪೩೦ನೇ ಕಲಂ ಇತ್ತು. ಅದರಡಿಯಲ್ಲೇ ಎಫ್.ಐ.ಆರ್. ದಾಖಲಾಯಿತು.

ಮಾರ್ಚ್ ೧೬, ಬುಧವಾರ, ಸಂಜೆ ೪-೫೦. ತಿಪ್ಪೇಶಪ್ಪ ಮತ್ತು ಹೆಡ್ ಕಾನ್‌ಸ್ಟೆಬಲ್ ದೊಡ್ಡಣ್ಣ ಮಫ್ತಿಯಲ್ಲಿ, ಇಬ್ಬರು ಪಂಚರ ಜೊತೆ ನಾಲಾ ಕಚೇರಿಗೆ ಹೋದರು. ರಿಪೇರಿಯವರು ಬಂದಿದ್ದಾರೆಂದು ಸಿಬ್ಬಂದಿಗೆ ಹೇಳಲಾಗಿತ್ತು. ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಒಳಗೆ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದರ ಮುಂದೆ ಹಸಿರು ಅಕ್ಷರದ ಪರದೆ. ದಾವಣಗೆರೆಯಿಂದ ಬಂದ ಇಂಜಿನಿಯರ್ ಶಾಂತಾದೇವಿ ಅದರ ಎದುರು ಕೂತಿದ್ದರು. ಈ ಮಿಷನ್ನನ್ನು ನೋಡಿಕೊಳ್ಳುವ ಕಂಪನಿಯವರು ಅವರು. ನಾಗೇಂದ್ರಪ್ಪ ಪಕ್ಕದಲ್ಲಿ ನಿಂತಿದ್ದರು.

“ನಡೆದದ್ದು ಇದಕ್ಕೆ ನೆನಪಿರ್ತೈತೇನ್ರಿ?” ತಿಪ್ಪೇಶಪ್ಪ ಕೇಳಿದರು.

“ಇದನ್ನ ನಡೆಸೋ ಪ್ರೋಗ್ರಾಮು ಯುನಿಕ್ಸ್, ಸರ್. ಯಾರು ಬಂದ್ರು, ಯಾವ ಟರ್ಮಿನಲ್‌ನಿಂದ, ಎಷ್ಟೊತ್ತಿಗೆ ಬಂದು ಎಷ್ಟೊತ್ತಿಗೆ ಹೋದ್ರು, ಎಲ್ಲಾ ಬರೆದಿಡುತ್ತೆ. ಯಾರೂ ಹೇಳಬೇಕಾಗಿಲ್ಲ.”

“ಠಾಣಾ ಡೈರಿ ಅನ್ರಿ,” ಎಂದ ದೊಡ್ಡಣ್ಣ. ಮೂವತ್ತು ವರ್ಷ ಅದನ್ನೇ ಬರೆದ ಕೈ ಅವನದು.

ಶಾಂತಾದೇವಿ ನಾಲ್ಕು ಅಕ್ಷರ ಒತ್ತಿದರು. ಪರದೆಯ ಮೇಲೆ ಒಂದು ಪಟ್ಟಿ ಇಳಿಯಿತು. ಆ ಕ್ಷಣ ಮಿಷನ್ನಿನೊಳಗೆ ನಡೆಯುತ್ತಿದ್ದ ಕೆಲಸಗಳೆಲ್ಲ ಅದರಲ್ಲಿದ್ದವು. ಪ್ರತಿಯೊಂದಕ್ಕೂ ಒಂದು ನಂಬರು, ಪಕ್ಕದಲ್ಲಿ ಅದನ್ನು ಹುಟ್ಟಿಸಿದ್ದರ ನಂಬರು.

“ತಂದೆ ಯಾರು ಅಂತಾನೂ ಬರಕೊಂಡೈತಾ?” ದೊಡ್ಡಣ್ಣನ ಪೆನ್ನು ನಿಂತಿತು.

“ಹೌದು. ತಂದೆ ಇಲ್ಲದೆ ಇಲ್ಲಿ ಯಾವುದೂ ಹುಟ್ಟಲ್ಲ. ಈಗ ಕಡೇ ನಂಬರು ಐನೂರ ಹನ್ನೆರಡು. ಬರ್ಕೊಳ್ಳಿ.”

೫-೨೦ಕ್ಕೆ ಮಿಷನ್ನು ಭಾರವಾಯಿತು. ಒತ್ತಿದ ಅಕ್ಷರ ಪರದೆಗೆ ಬರಲು ತಡವರಿಸತೊಡಗಿತು. ಶಾಂತಾದೇವಿ ಮತ್ತೆ ಪಟ್ಟಿ ಕೇಳಿದರು. ಅದು ಬರುವ ಹೊತ್ತಿಗೆ ಪಂಚರಲ್ಲೊಬ್ಬ ಆಕಳಿಸಿ ಮುಗಿಸಿದ್ದ. ಕಡೇ ನಂಬರು ಎರಡು ಸಾವಿರ ದಾಟಿತ್ತು. ೫-೪೦ಕ್ಕೆ ಒಂಬತ್ತು ಸಾವಿರ.

“ಇಷ್ಟೂ ಕೆಲಸ ಈಗ ಒಳಗದಾವಾ?”

“ಇಲ್ಲ ಸರ್. ಹುಟ್ತಾವೆ, ಒಂದೇ ಒಂದು ಲೆಕ್ಕ ಮಾಡ್ತಾವೆ, ಸಾಯ್ತಾವೆ. ಮತ್ತೆ ಇನ್ನೊಂದು.”

ತಿಪ್ಪೇಶಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. ಅರ್ಧ ಗಂಟೆಯೊಳಗೆ ಎಂಟೂವರೆ ಸಾವಿರ ಹುಟ್ಟು, ಅಷ್ಟೇ ಸಾವು. ಕೋಣೆಯಲ್ಲಿ ಫ್ಯಾನಿನದು ಬಿಟ್ಟು ಬೇರೆ ಸದ್ದಿಲ್ಲ. ದೊಡ್ಡಣ್ಣ ತನಗೇ ತಿಳಿಯದೆ ಟೋಪಿಗೆಂದು ತಲೆಗೆ ಕೈ ಹಾಕಿ, ಮಫ್ತಿ ನೆನಪಾಗಿ ಇಳಿಸಿದ.

“ಇವಕ್ಕೆಲ್ಲ ತಂದೆ ಯಾರು?” ತಿಪ್ಪೇಶಪ್ಪ ಕೇಳಿದರು.

“೫೨೭.”

“೫೨೭ಕ್ಕೆ?”

“ಒಂದು.” ಶಾಂತಾದೇವಿ ತಿರುಗಿ ಕೂತರು. “ಮಿಷನ್ ಎದ್ದಾಗ ಮೊದಲು ಹುಟ್ಟೋದು ಒಂದನೇ ನಂಬರು. ಹೆತ್ತವರು ಬಿಟ್ಟು ಹೋದ ಮಕ್ಕಳನ್ನ ಅದೇ ಸಾಕಿಕೊಳ್ಳುತ್ತೆ. ಅಂದ್ರೆ ಇದನ್ನ ಶುರು ಮಾಡಿದವರು ಮಾಡಿದ ಕೂಡಲೇ ಎದ್ದು ಹೋಗಿದ್ದಾರೆ.”

“ಯಾರ ಹೆಸರಲ್ಲಿ?”

ಅವರು ಓದಿ ಹೇಳಲಿಲ್ಲ; ಬೆರಳಿಟ್ಟು ತೋರಿಸಿದರು. ನಾಗೇಂದ್ರಪ್ಪನವರ ಹೆಸರಿತ್ತು.

“ನಾ ಇಲ್ಲೇ ನಿಮ್ಮ ಪಕ್ಕದಾಗೇ ನಿಂತೀನಲ್ರೀ!” ಎ.ಇ.ಇ.ಯವರ ದನಿ ಏರಿತು.

“ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ.”

ಮಿಷನ್ನಿನ ದಿನಚರಿ ತೆಗೆಸಿದರು. ನಾಗೇಂದ್ರಪ್ಪನವರ ಹೆಸರಿನಲ್ಲಿ ೫-೧೨ಕ್ಕೆ ಪ್ರವೇಶ, ೫-೧೪ಕ್ಕೆ ನಿರ್ಗಮನ, ಮೂರನೇ ಟರ್ಮಿನಲ್. ಆ ಪರದೆ, ಕೀಲಿಮಣೆ ಟೈಪಿಂಗ್ ವಿಭಾಗದಲ್ಲಿದ್ದವು. ಕಚೇರಿಯ ಯಾರು ಬೇಕಾದರೂ ಹೋಗಿ ಕೂರುವ ಜಾಗ.

ಶಾಂತಾದೇವಿ ೫೨೭ನೇ ಕೆಲಸದ ಮೂಲ ಬರಹವನ್ನು ತೆರೆದರು. ಒಂದೊಂದು ತೂಬಿನ ಎದುರೂ ಒಂದು ಅಂಕಿ. ನಲವತ್ತೊಂದನೇ ತೂಬಿಗೆ ಇನ್ನೂರು ನಿಮಿಷ. ಅವರು ಅಂಕಿಗಳನ್ನು ಮತ್ತೆ ಮೇಲಿನಿಂದ ಓದಿದರು.

“ನೀರು ತಲುಪೋಕೆ ಹಿಡಿಯೋ ಹೊತ್ತು ಸರ್ ಇದು. ಮೊದಲಿನ ಪ್ರೋಗ್ರಾಮಿನಲ್ಲಿ ಈ ಲೆಕ್ಕವೇ ಇಲ್ಲ. ಗೇಟು ಎತ್ತಿದ ಕೂಡಲೇ ಕಡೇ ತೂಬಿಗೂ ನೀರು ಬಂತು ಅಂತ ತಿಳ್ಕೊಂಡಿದೆ. ಇದನ್ನ ಬರೆದವರು ಶಾಲೆಯಲ್ಲಿ ಕಲಿತವರಲ್ಲ. ಒಂದು ಕೂಡೋದಕ್ಕೂ ಒಂದು ಹೊಸ ಕೆಲಸ ಹುಟ್ಟಿಸಿದ್ದಾರೆ, ಅದಕ್ಕೇ ಮಿಷನ್ ಕುಸಿಯೋದು. ಆದ್ರೆ ಒಂದು ಕಡೆಯೂ ತಪ್ಪಿಲ್ಲ.”

೬-೩೦ಕ್ಕೆ ಪಂಚನಾಮೆ ಮುಗಿಯಿತು. ಆ ಇನ್ನೂರು ನಿಮಿಷ ತಿಪ್ಪೇಶಪ್ಪನವರ ತಲೆಯಲ್ಲಿ ಕೂತಿತು. ಕುರ್ಚಿಯಲ್ಲಿ ಕೂತವರಿಗೆ ಅಂಥ ಅಂಕಿ ಸಿಗುವುದಿಲ್ಲ. ಯಾರೋ ನಾಲೆಯ ಮೇಲೆ ಹೋಗಿ ಅಳೆದಿರಬೇಕು.

ಮರುದಿನ ಬೆಳಿಗ್ಗೆ ಜೀಪು ಕೆರೆಬಿಳಚಿ ದಾಟಿ ನಾಲೆಯ ಏರಿ ಹಿಡಿಯಿತು. ಕೊನೇ ತೂಬಿನ ನೀರುಗಂಟಿ ಬಂಗಾರಪ್ಪ ಸನಿಕೆ ಊರಿ ನಿಂತಿದ್ದ.

“ಗಡಿಯಾರ ಹಿಡ್ಕಂಡು ನಾಲೆ ಮ್ಯಾಲೆ ಯಾರಾದ್ರೂ ಓಡಾಡಿದ್ರೇನು?”

“ಟೈಪಿಂಗ್ ಅಮ್ಮಾರು, ಸ್ವಾಮಿ. ಅಂಜಿನಮ್ಮಾರು. ಹೋದ್ ವರ್ಷ ಬೇಸಿಗೆ ಬೆಳೆ ಹೊತ್ತಿನಾಗೆ, ನಾಲ್ಕು ಭಾನುವಾರ. ಮ್ಯಾಲೆ ಗೇಟು ಎತ್ತಿದ್ ಕೂಡ್ಲೇ ನೀರಿನ ಜೊತೀಗೇ ಹೊಂಟ್ರು. ನೀರು ತಡೆದು ನಿಂತ್ರೆ ಅವ್ರೂ ನಿಲ್ಲೋರು, ಹರಿದ್ರೆ ನಡೆಯೋರು. ಏಳು ಕಿಲೋಮೀಟ್ರು ಹಿಂಗೇ.”

“ಯಾಕೆ ಅಂತ ಕೇಳ್ಲಿಲ್ವಾ?”

“ಕೇಳ್ದೆ. ಮಿಷನ್ನಿಗೆ ಕಾಲಿಲ್ಲ ಬಂಗಾರಪ್ಪ, ಅದರ ಬದ್ಲು ನಾ ನಡೀತೀನಿ ಅಂದ್ರು.”

ಮಧ್ಯಾಹ್ನ ೩ ಗಂಟೆಗೆ ಎ.ಇ.ಇ. ಕೋಣೆಯಲ್ಲಿ ವಿಚಾರಣೆ. ನಾಗೇಂದ್ರಪ್ಪ, ಶಾಂತಾದೇವಿ ಇಬ್ಬರೂ ಅಲ್ಲಿದ್ದರು. ಅಂಜಿನಮ್ಮನಿಗೆ ಇಪ್ಪತ್ತೇಳು ವರ್ಷ. ಅಪ್ಪ ಇಲಾಖೆಯಲ್ಲಿ ಜವಾನನಾಗಿದ್ದು ತೀರಿಹೋದ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ಕೆಲಸ. ಕೈ ಕಟ್ಟಿಕೊಂಡು ನಿಂತಿದ್ದಳು, ತಲೆ ತಗ್ಗಿಸಿರಲಿಲ್ಲ.

“ಸಾಹೇಬ್ರ ಪಾಸ್‌ವರ್ಡ್ ಹೆಂಗೆ ಸಿಕ್ತು?”

“ಅವ್ರೇ ಹೇಳಿದ್ರು ಸರ್. ಅವ್ರ ಬದ್ಲು ದಿನಾ ಟೈಪ್ ಮಾಡೋಳು ನಾನೇ.”

ನಾಗೇಂದ್ರಪ್ಪ ಕಿಟಕಿಯ ಕಡೆ ನೋಡಿದರು.

“ಇದನ್ನೆಲ್ಲ ಯಾರು ಕಲಿಸಿದ್ರು?”

“ಯಾರೂ ಇಲ್ಲ. ಮಿಷನ್ ಜೊತೆ ಐದು ಪುಸ್ತಕ ಬಂದಿದ್ವು, ಬೀರು ಮ್ಯಾಲೆ ಬಿದ್ದಿದ್ವು. ಡಿಕ್ಷನರಿ ಇಟ್ಕಂಡು ಓದಿದೆ.”

“ಐದೂ ಓದಿದ್ರಾ?” ಶಾಂತಾದೇವಿ ತಡೆಯಲಾರದೆ ಕೇಳಿದರು.

“ಎರಡು ಸಲ ಮೇಡಂ. ಮೊದಲ್ನೇ ಸಲ ಏನೂ ತಿಳೀಲಿಲ್ಲ.”

ತಿಪ್ಪೇಶಪ್ಪ ಕೆಮ್ಮಿದರು. “ಕೊನೇ ತೂಬಿನ ಕೆಳಗೆ ನಿಮ್ಮವರ ಜಮೀನು ಐತಾ?”

“ನಮ್ದು ಜಗಳೂರು ಕಡೆ ಸರ್. ಅಲ್ಲಿ ನಾಲೇನೇ ಇಲ್ಲ. ಈ ಊರಿಗೆ ಬಂದ್ ಮ್ಯಾಲೇ ನಾನು ಹರಿಯೋ ನಾಲೆ ನೋಡಿದ್ದು.”

“ಮತ್ತೆ ಯಾಕಮ್ಮ?”

“ಗುರುವಾರ ಆ ಪಟ್ಟಿ ಹರಿದು ನೀರುಗಂಟಿಗಳ ಕೈಗೆ ಕೊಡೋಳು ನಾನೇ. ತಪ್ಪೈತೆ ಅಂತ ಗೊತ್ತಾದ ಮ್ಯಾಲೆ ಕೊಡಾಕೆ ಕೈ ಬರ್ಲಿಲ್ಲ. ಮೂರು ಅರ್ಜಿ ಬರೆದೆ. ಕಂಪ್ಯೂಟರಿಗೆ ತಪ್ಪಾಗಲ್ಲ, ನೀ ಟೈಪ್ ಮಾಡು ಅಂದ್ರು ಸಾಹೇಬ್ರು.”

“ಇದು ಅಪರಾಧ ಅಂತ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ಏನೂ ಅಳಿಸಿಲ್ಲ ಸರ್. ಯಾರಾದ್ರೂ ಹುಡುಕಿದ ದಿವ್ಸ ಎಲ್ಲಾ ಸಿಗ್ಲಿ ಅಂತ ಹಂಗೇ ಬಿಟ್ಟಿದ್ದೆ.”

೪-೧೦ಕ್ಕೆ ದಸ್ತಗಿರಿ. ದಸ್ತಗಿರಿ ಪತ್ರದಲ್ಲಿ ವಿದ್ಯಾರ್ಹತೆಯ ಎದುರು ಎಸ್ಸೆಸ್ಸೆಲ್ಸಿ ಎಂದು ಬರೆಯುವಾಗ ತಿಪ್ಪೇಶಪ್ಪನವರ ಕೈ ಒಂದು ಗಳಿಗೆ ತಡೆಯಿತು. ಅಷ್ಟು ದೊಡ್ಡ ಮಿಷನ್ನನ್ನು ನೋಡಿ ನಿನ್ನೆ ಬೆರಗಾಗಿದ್ದರು. ಇವತ್ತು ಇವಳ ಮುಂದೆ ಅದರ ಬೆರಗು ಸಣ್ಣದಾಗಿತ್ತು.

ಜಾಮೀನು ಕೊಡಬಹುದಾದ ಕಲಂ. ಹೊಣೆ ನಿಲ್ಲಲು ಬಂಗಾರಪ್ಪ ಅಷ್ಟು ದೂರದಿಂದ ಸೈಕಲ್ ತುಳಿದು ಬಂದ. ಕಾಗದ ಸಿದ್ಧವಾಗುವವರೆಗೆ ಅಂಜಿನಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಹೇಳಿಕೆ ಕೊಡಲು ಬಂದಿದ್ದ ಶಾಂತಾದೇವಿ ಅವಳ ಪಕ್ಕ ಕೂತು ಕಾಗದದ ಮೇಲೆ ಏನೋ ಬರೆದು ತೋರಿಸಿದರು. ಅಷ್ಟು ಸಾವಿರ ಸಲ ಹುಟ್ಟಿಸುವ ಬದಲು, ಒಂದೇ ಕೆಲಸ ನಲವತ್ತೊಂದು ತೂಬಿನ ಲೆಕ್ಕವನ್ನೂ ಮುಗಿಸುವ ದಾರಿ.

“ಒಂದೇ ಸಾಕಾ ಮೇಡಂ?” ಅಂಜಿನಮ್ಮ ಕಾಗದವನ್ನು ಕಣ್ಣ ಹತ್ತಿರ ತಂದಳು. ತಾನೆಲ್ಲಿ ಕೂತಿದ್ದೇನೆಂಬುದು ಅವಳಿಗೆ ಮರೆತೇಹೋಗಿತ್ತು.

ಏಪ್ರಿಲ್ ೮ರಂದು ಆರೋಪಪಟ್ಟಿ ನ್ಯಾಯಾಲಯಕ್ಕೆ ಹೋಯಿತು. ಅದರ ಜೊತೆ ಅವಳ ಮೂರು ಅರ್ಜಿಗಳನ್ನೂ ತಿಪ್ಪೇಶಪ್ಪ ಲಗತ್ತಿಸಿದ್ದರು. ಮೂರರ ಮೇಲೂ ‘ನೋಡಲಾಗಿದೆ’ ಎಂಬ ಮುದ್ರೆ ಇತ್ತು. ಉದ್ದೇಶದ ಎದುರು ಅವರು ಬರೆದದ್ದು ಇಷ್ಟೇ: “ಸ್ವಂತ ಲಾಭ ಕಂಡುಬಂದಿಲ್ಲ. ಲೆಕ್ಕ ಸರಿಯಿರಬೇಕೆಂಬುದೇ ಉದ್ದೇಶ.”

ಅದೇ ವಾರ ನಾಲಾ ಕಚೇರಿಯಲ್ಲಿ ನಾಗೇಂದ್ರಪ್ಪ, ಅಂಜಿನಮ್ಮನ ಪ್ರೋಗ್ರಾಮನ್ನು ತೆಗೆದುಹಾಕಿ ಮೊದಲಿನಂತೆ ಮಾಡಲು ಶಾಂತಾದೇವಿಗೆ ಹೇಳಿದರು.

“ಮಾಡ್ತೀನಿ ಸರ್. ತಪ್ಪು ಲೆಕ್ಕಾನೇ ಬೇಕು ಅಂತ ಒಂದು ಸಾಲು ಬರೆದು ಸಹಿ ಮಾಡಿ ಕೊಡಿ.”

ನಾಗೇಂದ್ರಪ್ಪ ಕಾಗದ ಎಳೆದುಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಏನೂ ಬರೆಯದೆ ಮುಚ್ಚಳವನ್ನು ಮತ್ತೆ ಹಾಕಿದರು.